ಚೆಂಡು ಬಿಚ್ಚಲು ಇಳಿದ ನನ್ನ ಮಗ

ಮನೆಬಳಕೆಯ ಕೊಳಚೆನೀರು ಶುದ್ಧೀಕರಣ ಘಟಕಗಳ ಮೇಲ್ವಿಚಾರಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ, ಮನುಷ್ಯ ಇಳಿಯುವ ಪ್ರಮೇಯವೇ ಇಲ್ಲವೆಂದು ಹೇಳಿ ಬೀದರದ ನಮ್ಮ ಬಡಾವಣೆಯಲ್ಲಿ ನೀವು ಕೂಡಿಸಿದ ತೊಟ್ಟಿಗೆ ಇಳಿದು ನನ್ನ ಮಗ ಮಚ್ಛೇಂದ್ರ ಸತ್ತಿದ್ದಾನೆ. ಈ ಪತ್ರವನ್ನು ಅವನ ಶೋಕಸಭೆಯಲ್ಲಿ ಓದುತ್ತಿದ್ದೇನೆ. ನಾಳೆ ಪತ್ರಿಕೆಗಳಿಗೂ ಕೊಡುತ್ತೇನೆ. ನೆರೆದವರಿಗೆ ಮೊದಲು ವಂದನೆ. ಭಾಲ್ಕಿಯಿಂದ, ಔರಾದದಿಂದ ಬಸ್ಸು ಹಿಡಿದು ಬಂದಿದ್ದೀರಿ. ಆದರೆ ನಿಮ್ಮ ಅನುಕಂಪ ನನಗೆ ಬೇಡ. ಬಡಾವಣೆಯವರದಂತೂ ಬೇಡವೇ ಬೇಡ. ಕಾರಣವನ್ನು ಅಧಿಕಾರಿಗಳಿಗೆ ಹೇಳುತ್ತೇನೆ, ನೀವೂ ಕೇಳಿಸಿಕೊಳ್ಳಿ.

ಉದ್ಘಾಟನೆಯ ದಿನ ನೀವು ವಿವರಿಸಿದ್ದು ಸರಳವಾಗಿತ್ತು. ಮನೆಗಳ ಬಳಸಿದ ನೀರೆಲ್ಲ ತೊಟ್ಟಿಗೆ ಬರುತ್ತದೆ. ನೀರು ಏರಿದರೆ ಒಳಗಿನ ತೇಲುಚೆಂಡು ಏರುತ್ತದೆ. ಚೆಂಡು ಏರಿದರೆ ಪಂಪು ತಾನೇ ಓಡಿ ನೀರನ್ನು ಶುದ್ಧೀಕರಣಕ್ಕೆ ಕಳಿಸುತ್ತದೆ. ಸ್ವಯಂಚಾಲಿತ, ನಿರ್ವಹಣೆ ಸುಲಭ. ನೀವು ಮರೆತದ್ದು ಬರಗಾಲವನ್ನು ಮಾತ್ರ. ಅರ್ಧ ಮನೆಗಳವರು ಬೀಗ ಹಾಕಿಕೊಂಡು ಕೆಲಸ ಹುಡುಕುತ್ತ ಹೈದರಾಬಾದಿಗೆ ಹೋದರು. ಉಳಿದವರು ಮುಸುರೆ ನೀರನ್ನು ಎಮ್ಮೆಗೆ ಕುಡಿಸಿ, ಮಿಂದ ನೀರನ್ನು ಬೇವಿನ ಬುಡಕ್ಕೆ ಸುರಿದೆವು. ಬರದ ವರ್ಷ ಒಂದೇ ಸಲ ಬಳಸಿದ ನೀರನ್ನು ಮೋರಿಗೆ ಬಿಡುವ ಹೆಣ್ಣುಮಗಳು ನಮ್ಮ ಕಡೆ ಇಲ್ಲ. ತೊಟ್ಟಿಗೆ ಇಳಿದದ್ದು ಗಟ್ಟಿ ಹೊಲಸು. ಚೆಂಡು ಏರಲಿಲ್ಲ, ಪಂಪು ಓಡಲಿಲ್ಲ.

ದೂರು ಕೇಳಲು ಬಂದ ನಿಮ್ಮ ಸಿಬ್ಬಂದಿ ನೀಡಿದ ಪರಿಹಾರ ಇದು: “ಯಾಕ ತಲಿ ಕೆಡಸ್ಕೋತೀರಿ? ಚೆಂಡು ಮ್ಯಾಲ ಎತ್ತಿ ಕಟ್ಟಿ ಬಿಡ್ರಿ. ಮಷೀನಿಗೇನು ಗೊತ್ತಾಗ್ತದ?”

“ಸಾಹೇಬರಿಗೆ ಸುಳ್ಳು ಹೇಳೂದು ಆತು, ಇನ್ನ ಮಷೀನಿಗೂ ಹೇಳೂದು ಬಾಕಿ ಇತ್ತೇನ್ರಿ?” ಎಂದಳು ನನ್ನ ಹೆಂಡತಿ ಅಂಜನಾಬಾಯಿ.

ಎಲ್ಲರೂ ನಕ್ಕರು. ನಕ್ಕವರೇ ಸೇರಿ, ಒಳಗಿನ ಗಾಳಿ ಇನ್ನೂ ಕೆಟ್ಟಿರದ ಆ ದಿನ ತೊಟ್ಟಿಗಿಳಿದು ಚೆಂಡನ್ನು ಕಟ್ಟಿದರು. ಅಂದಿನಿಂದ ತೊಟ್ಟಿಗಳ ನೀರಿನ ಮಟ್ಟ ತೋರಿಸುವ ನಿಮ್ಮ ಕಚೇರಿಯ ಫಲಕದಲ್ಲಿ ನಮ್ಮ ತೊಟ್ಟಿ ಸದಾ ಭರ್ತಿ. ಸುತ್ತಲ ಕೆರೆಗಳೆಲ್ಲ ಬತ್ತಿದ ವರ್ಷ ತುಂಬಿದ್ದು ಅದೊಂದೇ. ಅದಕ್ಕಾಗಿ ನಿಮಗೆ ಅಭಿನಂದನೆಗಳು. ಇತ್ತ ನೀರಿಲ್ಲದೆ ಓಡಿದ ಪಂಪು ಸುಟ್ಟುಹೋಯಿತು. ಹೊಲಸು ಕೊಳೆತು ಒಳಗೆಲ್ಲ ವಿಷದ ಗಾಳಿ ತುಂಬಿತು.

ಮೇಲಿನವರು ತಪಾಸಣೆಗೆ ಬರುತ್ತಾರೆ, ಚೆಂಡು ಬಿಚ್ಚಿಸಿ ಎಂದು ನಿಮ್ಮ ಕಚೇರಿಯಿಂದ ಫೋನು ಬಂತು. ಮಚ್ಛೇಂದ್ರ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವನೆಂದು ಬಡಾವಣೆಯವರು ಅವನನ್ನೇ ಕರೆದರು. ನಾನು ತಡೆದೆ. “ಅಪ್ಪಾ, ನೀ ಭಾಷಣ ಸುರು ಮಾಡಬ್ಯಾಡ. ಅವ್ವಗ ಛಾ ಇಡ್ಲಿಕ್ಕ ಹೇಳು, ಬಂದೇ ಬಿಡ್ತೇನಿ,” ಎಂದ. ನೆರೆಮನೆಯ ಅಬ್ದುಲ ವಾಹೀದ, “ಮಚ್ಛೂ, ನಿಂದ್ರೋ, ಹಗ್ಗ ತರ್ತೇನಿ,” ಎನ್ನುತ್ತ ಓಡಿದ. ಹಗ್ಗ ಬರುವಷ್ಟರಲ್ಲಿ, ಆಗಲೇ ಇಳಿದಿದ್ದ ಮಗ ನಮ್ಮ ಕೂಗಿಗೆ ಓಗೊಡುವುದನ್ನು ನಿಲ್ಲಿಸಿದ್ದ.

ನಿಮ್ಮ ವರದಿ ಇದನ್ನು ‘ಬಳಕೆದಾರರ ಅಜಾಗರೂಕತೆ’ ಎನ್ನುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ, ಯಾವ ಪಕ್ಷ ಕೊಟ್ಟರೂ ನಾನು ವಾದಿಸಿ ಗೆಲ್ಲುತ್ತಿದ್ದೆ. ಈಗ ನಿಮ್ಮ ಪಕ್ಷವನ್ನೂ ವಹಿಸಿ ನೋಡಿದೆ. ಒಂದು ಅಂಗೈಗಾತ್ರದ ಚೆಂಡನ್ನು ಮುಟ್ಟಲು ಮನುಷ್ಯ ಇಡಿಯಾಗಿ ಒಳಗಿಳಿಯಬೇಕಾದರೆ ಅದರಲ್ಲಿ ಸ್ವಯಂಚಾಲಿತವಾದದ್ದು ಯಾವುದು? ಸುಲಭವಾದದ್ದು ಯಾರಿಗೆ? ನಿಮ್ಮ ಪರವಾಗಿ ನನಗೆ ಏನೂ ಹೊಳೆಯಲಿಲ್ಲ.

ಭಾಲ್ಕಿ, ಔರಾದಗಳಲ್ಲೂ ಇಂಥವನ್ನೇ ಕೂಡಿಸುವಿರಂತೆ. ನನ್ನ ಬೇಡಿಕೆ ದೊಡ್ಡದಲ್ಲ. ಚೆಂಡನ್ನೂ ಪಂಪನ್ನೂ ಸರಪಳಿಯಿಂದ ಮೇಲಕ್ಕೆಳೆದು ದುರಸ್ತಿ ಮಾಡುವಂತಿರಲಿ. ನೀರು ಕಡಿಮೆಯಾದರೆ ಫಲಕ ಅದನ್ನೇ ಹೇಳಲಿ. ತೊಟ್ಟಿಯ ಬಾಯಿಗೆ ಮನುಷ್ಯ ತೂರಲಾಗದಂಥ ಜಾಲರಿ ಇರಲಿ. ಇದನ್ನು ನೀವು ಈಡೇರಿಸುವಿರೆಂಬ ನಂಬಿಕೆ ನನಗಿಲ್ಲ. ಏಕೆಂದರೆ ಸೋಮವಾರ ಅದೇ ತೊಟ್ಟಿಯ ಹೊಲಸು ಬಳಿದು ತೆಗೆಯಲು ಸಂತಪುರದ ಕೂಲಿಯಾಳು ಮಡೆಪ್ಪನನ್ನು ಗೊತ್ತುಮಾಡಿದ್ದೀರಿ. ಇಳಿಯಬೇಡವೆಂದು ಅವನಿಗೆ ಹೇಳಿ ನೋಡಿದೆ. “ಊರಾಗ ಕೆಲಸಿಲ್ರಿ ಕಾಕಾ. ನಾ ಒಲ್ಲೆ ಅಂದ್ರ ಇನ್ನೊಬ್ಬಾಂವ ಇಳೀತಾನ,” ಎಂದ.

ಆದ್ದರಿಂದ ಹೆಂಡತಿಯನ್ನೂ ಕೇಳದೆ ಒಬ್ಬನೇ ತೀರ್ಮಾನಿಸಿದ್ದೇನೆ. ಸೋಮವಾರ ನಸುಕಿಗೇ ಹೋಗಿ ಆ ತೊಟ್ಟಿಯ ಮುಚ್ಚಳದ ಮೇಲೆ ಕೂರುತ್ತೇನೆ. ಪೊಲೀಸರನ್ನು ಕರೆಸಿ ಎತ್ತಿಸುವುದು ನಿಮಗೆ ಕಷ್ಟವಲ್ಲ; ನಾನು ಮುದುಕ, ಹಗುರವಾಗಿದ್ದೇನೆ. ಎತ್ತಿದಾಗಲೆಲ್ಲ ಮರಳಿ ಬಂದು ಅಲ್ಲೇ ಕೂರುತ್ತೇನೆ.

ಇಂತಿ,
ನಿಮ್ಮ ವರದಿಯಲ್ಲಿ ‘ಮೃತನ ಸಂಬಂಧಿ’ ಎಂದಷ್ಟೇ ಇರುವ
ಕಾಶೀರಾಮ, ಬೀದರ