ಚಹಾ ತರಲು ಹೋದಾಗ

ಇಳಕಲ್ಲ
೧೨-೧೦-೧೯೮೯

ಹುನಗುಂದದ ರಾಚಯ್ಯನವರಿಗೆ ಶರಣು.

ನಾನು ಇಳಕಲ್ಲಿನ ಗ್ರಾನೈಟ್ ಆಫೀಸಿನಲ್ಲಿ ಕಂಪ್ಯೂಟರ್ ನಡೆಸುವ ಬಸಲಿಂಗವ್ವ. ಬೇಸಿಗೆಯಲ್ಲಿ ನೀವು ಕಲ್ಲಿನ ಅಳತೆ ಲೆಕ್ಕ ಹಾಕುವ ಪ್ರೋಗ್ರಾಂ ಕೇಳಿಕೊಂಡು ಬಂದಿದ್ದಿರಿ. ಅದು ಬಾಗಲಕೋಟೆಯ ನಮ್ಮ ಗುರುಗಳು ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ, ಇನ್ನೊಬ್ಬರಿಗೂ ಕೊಡಿ ಎಂದು ಹಂಚಿದ್ದು. ನಾನು ಅದನ್ನು ನಮ್ಮ ಕಲ್ಲಿಗೆ ಹೊಂದುವಂತೆ ತಿದ್ದಿದ್ದೆ. ಆದರೂ ನಮ್ಮ ಸಾಹುಕಾರರು, "ನಮ್ಮ ಗಂಟು ಮಂದಿಗ್ಯಾಕ ಕೊಡೂದ್ರಿ?" ಎಂದು ನಿಮ್ಮೆದುರೇ ಅಂದುಬಿಟ್ಟರು.

ಮೊನ್ನೆ ದಸರೆಯ ಖಂಡೇ ಪೂಜೆಯ ದಿನ ಅವರು ಆ ಪ್ರೋಗ್ರಾಂ ಇದ್ದ, ತಿಜೋರಿಯಲ್ಲಿಟ್ಟಿದ್ದ ಎರಡೂ ಫ್ಲಾಪಿಗಳನ್ನು ಕಂಪ್ಯೂಟರಿನ ಮುಂದಿಟ್ಟು, ಭಕ್ತಿಯಿಂದ ಒದ್ದೆ ವಿಭೂತಿ ಬಳಿದರು. ನಾನು "ಬ್ಯಾಡ್ರೀ" ಅನ್ನುವಷ್ಟರಲ್ಲಿ ನೀರು ಒಳಗಿಳಿದಿತ್ತು. ಈಗ ಕಂಪ್ಯೂಟರ್ ಎರಡನ್ನೂ ಓದುತ್ತಿಲ್ಲ. ಸೋಮವಾರ ಕಲ್ಲಿನ ಲಾರಿಗಳು ಹೊರಡಬೇಕು. ಸಾಹುಕಾರರು "ನೀನ ಏನೋ ಮಾಡೀದಿ" ಎನ್ನುತ್ತಿದ್ದಾರೆ. ಗುರುಗಳ ಬಳಿ ಹಳೆಯದಷ್ಟೇ ಇದೆ, ಅದು ನಮ್ಮ ಲೆಕ್ಕಕ್ಕೆ ಬಾರದು.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬೇಸಿಗೆಯಲ್ಲಿ ನೀವು ಬಂದ ದಿನ ಸಾಹುಕಾರರು ಗಣಿಗೆ ಹೋದ ಮೇಲೆ ನಾನು ಫ್ಲಾಪಿಯನ್ನು ಕಂಪ್ಯೂಟರಿನಲ್ಲೇ ಬಿಟ್ಟು ನಿಮಗೆ ಚಹಾ ತರಲು ಹೋದೆ. ಆಫೀಸಿನ ಪಕ್ಕದಲ್ಲೇ ಅಂಗಡಿ ಇದ್ದರೂ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ನಿಮ್ಮ ಚೀಲದಲ್ಲಿ ಖಾಲಿ ಫ್ಲಾಪಿ ಇದ್ದದ್ದನ್ನು ನೋಡಿದ್ದೆ. ತಿರುಗಿ ಬಂದಾಗ ನೀವೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮ ಬಳಿ ಅದರ ನಕಲು ಇದ್ದರೆ ದಯಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಈ ಪತ್ರ ತಂದ ಕಂಡಕ್ಟರ್ ಕೈಯಲ್ಲೇ ನಾಳೆಯ ಬಸ್ಸಿಗೆ ಕೊಡಿ. ನಾನು ಸ್ಟ್ಯಾಂಡಿನಲ್ಲೇ ನಿಂತಿರುತ್ತೇನೆ.

ಎರಡು ದಿನದಿಂದ ಬಸವಣ್ಣನ ಫೋಟೋದ ಮುಂದೆ ಕೈಮುಗಿದು, ನೀವು ಕದ್ದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಇಂತಿ,
ಬಸಲಿಂಗವ್ವ