ದಶಮಿಯ ದೀಪ

ಹಳೇಕೋಟೆ ಹೋಬಳಿ,
೩೧-೧೦-೧೯೬೦, ಸೋಮವಾರ

ನನ್ನ ಕಾಮಾಕ್ಷಿಗೆ,

ನಿಮ್ಮವ್ವ ನಂಜಮ್ಮ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯುವುದು ವಾಡಿಕೆ. ಶುಕ್ರವಾರ ಟಪಾಲಿಗೆ ಹಾಕಿದ ಕಾಗದದಲ್ಲಿ ಹಾಗೇ ಬರೆದಿದ್ದೇನೆ. ಅದು ನಿಮ್ಮಪ್ಪ ಪಕ್ಕದಲ್ಲಿ ಕೂತು ಬರೆಸಿದ ಕಾಗದ. ಇಷ್ಟು ಹೊತ್ತಿಗೆ ನಿನ್ನ ಕೈ ಸೇರಿರುತ್ತದೆ, ಅಳಿಯಂದಿರೂ ಓದಿರುತ್ತಾರೆ. ಇದು ಬೇರೆ. ಇದನ್ನು ಬಳೆಗಾರ ಗುಂಡಯ್ಯನ ಕೈಲಿ ಕಳಿಸುತ್ತಿದ್ದೇನೆ. ನಾಳೆ ಅವನು ನಿಮ್ಮೂರು ಅರಕಲಗೂಡಿಗೆ ಹೋಗುತ್ತಾನಂತೆ. ಬಳೆ ತೊಡಿಸುವಾಗ ಕೊಡಪ್ಪ, ಗಂಡಸರು ಕೇಳಿದರೂ ಕೊಡಬೇಡ ಎಂದು ಹೇಳಿದ್ದೇನೆ. ಓದಿದ ಮೇಲೆ ಒಲೆಗೆ ಹಾಕು.

ಹಲ್ಲಿ ಲೊಚಗುಟ್ಟಿದರೂ ಬೆಚ್ಚುತ್ತೀಯಲ್ಲವ್ವ ಎಂದು ನೀನು ಚಿಕ್ಕವಳಿದ್ದಾಗಿನಿಂದ ನನ್ನನ್ನು ಆಡಿಕೊಂಡವಳು. ಈಗ ನೋಡಿದ್ದರೆ ನಗುತ್ತಿರಲಿಲ್ಲ. ರಾಗಿ ಕಣಜದ ಕೋಣೆಯಲ್ಲಿ ಬಾಗಿಲಿಗೆ ಒನಕೆ ಆನಿಸಿಕೊಂಡು ಬರೆಯುತ್ತಿದ್ದೇನೆ. ನಿಮ್ಮಪ್ಪ ವಕೀಲರನ್ನು ನೋಡಲು ಹೊಳೇನರಸೀಪುರಕ್ಕೆ ಹೋಗಿದ್ದಾರೆ. ಅವರ ಬಸ್ಸು ಬರಲು ಇನ್ನೂ ಹೊತ್ತಿದೆ, ಆದರೂ ಅಂಗಳದಲ್ಲಿ ಕೋಳಿ ಕೆದಕಿದರೆ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇನೆ. ಅಕ್ಷರ ಸೊಟ್ಟಗಾಗಿದ್ದರೆ ಹೇಗೋ ಓದಿಕೋ. ನಿನ್ನ ತಾತ ಮೇಷ್ಟ್ರು ಈ ಬರವಣಿಗೆ ನೋಡಿದ್ದರೆ ಬೆರಳಿನ ಗಿಣ್ಣಿಗೆ ಹೊಡೆಯುತ್ತಿದ್ದರು.

ಹಾಸನದ ಕೋರ್ಟಿನಿಂದ ನಿನಗೆ ಸಮನ್ಸು ಬಂದಿದೆ ಎಂದು ಅಳಿಯಂದಿರು ತಿಳಿಸಿದ ದಿನದಿಂದ ಈ ಮನೆಯಲ್ಲಿ ಯಾರಿಗೂ ಅನ್ನ ಸೇರುತ್ತಿಲ್ಲ. ನಿಮ್ಮಪ್ಪ ಬರೆಸಿದ ಕಾಗದದಲ್ಲಿ ಏನಿದೆಯೆಂದು ನಿನಗೆ ಗೊತ್ತು. ನಿಮ್ಮಜ್ಜಿ ಹೋದ ದಿನ ನಿಮ್ಮ ಮನೆಗೆ ಸುದ್ದಿ ತಂದವನು ನಮ್ಮ ಮನೆಯ ಆಳು ಬೋರಪ್ಪ, ತೋಟಿ ಲಕ್ಕಯ್ಯ ಅಲ್ಲವೇ ಅಲ್ಲ ಎಂದು ನೀನು ಜಡ್ಜಿಯವರ ಮುಂದೆ ಹೇಳಬೇಕು. ಬೋರಪ್ಪ ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಹೋದವನು ತಿರುಗಿ ಬಂದಿಲ್ಲ. ಅವನನ್ನು ಹುಡುಕಿ ಕೇಳುವವರು ಯಾರೂ ಇಲ್ಲ, ಅದಕ್ಕೇ ಅವನ ಹೆಸರು. ನೀನು ಅಷ್ಟು ಹೇಳಿದರೆ ಕೆರೆ ಕೆಳಗಿನ ಎರಡೆಕರೆ ಗದ್ದೆ ನಮ್ಮದೇ ಆಗುತ್ತದೆ, ಅದನ್ನು ನಿನ್ನ ಅರಿಸಿನ ಕುಂಕುಮಕ್ಕೆ ಬರೆದುಕೊಡುತ್ತಾರೆ. ಅಳಿಯಂದಿರು ಆಗಲೇ ಅದನ್ನು ಮಾರಿ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ವ್ಯಾಪಾರಕ್ಕೆ ಇಳಿಯುವ ಮಾತಾಡುತ್ತಿದ್ದಾರಂತೆ. ಹೌದೇನವ್ವ?

ಕೇಸಿನ ಪೂರ್ತಿ ಕಥೆ ನಿನಗೆ ಯಾರೂ ಹೇಳಿರಲಾರರು, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು. ಅಡಿಗೆಮನೆಯಲ್ಲಿ ಇದ್ದುಕೊಂಡೇ ನನಗೆ ತಿಳಿದದ್ದನ್ನು ಬರೆಯುತ್ತೇನೆ. ಆ ಗದ್ದೆ ಲಕ್ಕಯ್ಯನ ಮನೆಯವರು ತಲೆತಲಾಂತರದಿಂದ ಉಳುತ್ತಿದ್ದದ್ದು. ಊರಿನ ಚಾಕರಿ ಮಾಡುವ ತೋಟಿ ಕೆಲಸಕ್ಕೆ ಸರ್ಕಾರ ಬಿಟ್ಟ ಇನಾಮು ಎಂದು ಅವನು ಹೇಳುತ್ತಾನೆ. ಇಲ್ಲ, ಅದು ನಮ್ಮದು, ಅವರಪ್ಪ ನಮ್ಮ ಕೈಕೆಳಗೆ ಬೆಳೆಯಲ್ಲಿ ಪಾಲು ಕೊಟ್ಟು ವಾರಕ್ಕೆ ಮಾಡುತ್ತಿದ್ದ ಎಂದು ನಿಮ್ಮಪ್ಪ ಹೊಳೇನರಸೀಪುರದ ಮುನ್ಸೀಫ್ ಕೋರ್ಟಿನಲ್ಲಿ ದಾವಾ ಹಾಕಿದರು. ನಮ್ಮ ಕಡೆಯ ಸಾಕ್ಷಿಗಳೆಲ್ಲ ಮುಗಿದಿದ್ದವು. ಲಕ್ಕಯ್ಯ ಬಂದು ತನ್ನ ಮಾತು ಹೇಳಿ ಕಾಗದ ತೋರಿಸುವುದಷ್ಟೇ ಬಾಕಿ. ಅದಕ್ಕೆ ಎರಡು ಮೂರು ವಾಯಿದೆ ಕೇಳಿ, ಇದೇ ಕಡೆಯದು ಎಂದು ಕೋರ್ಟಿನವರು ಕೊಟ್ಟಿದ್ದ ದಿನ ನಾಲ್ಕು ವರ್ಷದ ಹಿಂದಿನ ಕಾರ್ತಿಕದ ಏಕಾದಶಿ. ಅವತ್ತು ಬೆಳಿಗ್ಗೆಯೇ ನಿಮ್ಮಜ್ಜಿಯ ಸುದ್ದಿ.

ನಮ್ಮೂರಿನ ಪದ್ಧತಿ ನೀನು ಬಲ್ಲೆ. ದೊಡ್ಡಮನೆಯಲ್ಲಿ ಸಾವಾದರೆ ನೆಂಟರಿಷ್ಟರ ಊರಿಗೆ ಹೋಗಿ ಸುದ್ದಿ ಮುಟ್ಟಿಸಬೇಕಾದವನು ತೋಟಿ. ಆಗುವುದಿಲ್ಲ ಎನ್ನುವಂತಿಲ್ಲ, ನಾಳೆ ಹೋಗುತ್ತೇನೆ ಎನ್ನುವಂತಿಲ್ಲ. ಲಕ್ಕಯ್ಯ ಒಗೆದ ಪಂಚೆ ಉಟ್ಟು, ಕಾಗದದ ಗಂಟು ಕಂಕುಳಲ್ಲಿ ಇಟ್ಟುಕೊಂಡು ಹೊಳೇನರಸೀಪುರದ ಬಸ್ಸಿಗೆ ಹೊರಟಿದ್ದವನು ಆ ಗಂಟನ್ನು ಹೆಂಡತಿ ಮುದ್ದಮ್ಮನ ಕೈಗೆ ಕೊಟ್ಟು ಅರಕಲಗೂಡಿನ ದಾರಿ ಹಿಡಿದ. ಅಲ್ಲಿಂದ ರಾಮನಾಥಪುರಕ್ಕೆ ನಡೆದು ಹೋದನಂತೆ. ಇತ್ತ ಕೋರ್ಟಿನಲ್ಲಿ ಅವನ ಹೆಸರು ಕೂಗಿದರು, ಆಳಿಲ್ಲ. ಸಾವಿನ ವಿಷಯ ಅಲ್ಲಿ ಯಾರೂ ಎತ್ತಲಿಲ್ಲ. ಹೇಳಲು ಏನೂ ಇಲ್ಲದವನೆಂದು ಬರೆದುಕೊಂಡು ಗದ್ದೆಯನ್ನು ನಿಮ್ಮಪ್ಪನಿಗೆ ಡಿಕ್ರಿ ಮಾಡಿದರು.

ಅವನು ಮಾಡಿದ ತಪ್ಪೇನು ಗೊತ್ತೇ? ಸುಮ್ಮನೆ ಇದ್ದದ್ದು. ಮಾರನೇ ದಿನವೇ ಓಡಿಹೋಗಿ ವಕೀಲರಿಗೆ ಹೇಳಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ಹನ್ನೊಂದನೇ ದಿನದ ಊಟದ ಹೊತ್ತಿನಲ್ಲಿ ಯಾರೋ ಕೇಳಿದಾಗ ಅವನು ಹೇಳಿದ್ದನ್ನು ನಾನು ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. "ಗೌಡ್ರೇ ತಾನೆ ನನ್ನ ಕಳ್ಸಿದ್ದು? ಕೋರ್ಟಿಗೂ ಗೌಡ್ರೇ ಏಳವ್ರೆ ಅಂತ ಅಂದ್ಕಂಡಿದ್ದೆ ಕಣ್ಲಾ." ತನ್ನ ಮೇಲೆ ದಾವಾ ಹಾಕಿದವರೇ ತನ್ನ ಪರವಾಗಿ ಕೋರ್ಟಿಗೆ ಹೇಳುತ್ತಾರೆಂದು ನಂಬಿದ್ದ.

ಆಮೇಲೆ ಅವನು ಹಾಸನದಲ್ಲಿ ಅಪೀಲು ಹಾಕಿದ. ನಾಲ್ಕು ವರ್ಷ ಎಳೆದಾಡಿ ಈಗ ಅದು ಜಡ್ಜಿಯವರ ಮುಂದೆ ಬಂದಿದೆ. ಹೋದ ತಿಂಗಳು ಅಲ್ಲಿಂದ ಬಂದ ನಿಮ್ಮಪ್ಪ ಜಗಲಿಯಲ್ಲಿ ನಿನ್ನ ಚಿಕ್ಕಪ್ಪ ಕೆಂಪಣ್ಣನಿಗೆ ಎಲ್ಲಾ ಹೇಳುತ್ತಿದ್ದರು. ಬರದೇ ಹೋದವರಿಗೆಲ್ಲ ಮತ್ತೆ ವಿಚಾರಣೆ ಕೊಡುತ್ತಾ ಹೋದರೆ ಯಾವ ಕೇಸು ತಾನೆ ಮುಗಿಯುತ್ತದೆ, ಇರುವ ಕಾಗದದ ಮೇಲೆ ಇಲ್ಲೇ ತೀರ್ಮಾನ ಕೊಡಿ ಎಂದು ನಮ್ಮ ವಕೀಲರು ವಾದ ಮಾಡಿದರಂತೆ. ಜಡ್ಜಿಯವರು ಅದಕ್ಕೆ ತಲೆದೂಗಿದರಂತೆ. ಸೋತವನು ಇನ್ನೊಂದು ಕೈ ನೋಡಲಿ ಎಂದು ಕೇಸು ಹಿಂದಕ್ಕೆ ಕಳಿಸುವುದು ತಮ್ಮ ಕೆಲಸವಲ್ಲ ಎಂದರಂತೆ. ಆದರೆ ತನ್ನದೇನೂ ತಪ್ಪಿಲ್ಲದೆ ಒಬ್ಬನ ಬಾಯಿ ಮುಚ್ಚಿಹೋಗಿದ್ದರೆ, ಅದು ಇನಾಮು ಹೌದೋ ಅಲ್ಲವೋ ಎಂಬ ಬುಡದ ಪ್ರಶ್ನೆಯನ್ನೇ ಯಾರೂ ವಿಚಾರಿಸದೆ ಬಿಟ್ಟಿದ್ದರೆ, ಆಗ ಮತ್ತೆ ವಿಚಾರಣೆಗೆ ಕಳಿಸದೆ ವಿಧಿಯಿಲ್ಲ ಎಂದೂ ಹೇಳಿದರಂತೆ. ಅವತ್ತು ನೀನು ಸಾವಿನ ಸುದ್ದಿ ಹೊತ್ತು ಹೋದದ್ದು ನಿಜವಾದರೆ, ನಿನ್ನ ಬಾಯಿಂದ ಸುದ್ದಿ ಕೇಳಿದವರನ್ನು ನನ್ನ ಮುಂದೆ ನಿಲ್ಲಿಸು ಎಂದು ಲಕ್ಕಯ್ಯನಿಗೆ ಅಪ್ಪಣೆ ಕೊಟ್ಟರಂತೆ. ರಾಮನಾಥಪುರದಲ್ಲಿ ಸುದ್ದಿ ಕೇಳಿದ ನಿನ್ನ ಸೋದರತ್ತೆ ಈಗ ಇಲ್ಲ. ಉಳಿದವಳು ನೀನೊಬ್ಬಳೇ.

ನನಗೆ ಕಾನೂನು ತಿಳಿಯದು. ಆದರೆ ಅವರ ಮಾತು ಅರ್ಥವಾಯಿತು. ಸಾರಿಗೆ ಉಪ್ಪು ಕಡಿಮೆಯಾದರೆ ಎಲೆಯ ಮುಂದೆ ಕೂತೇ ಹಾಕಿಕೊಳ್ಳಬಹುದು. ಬೇಳೆಯೇ ಬೆಂದಿಲ್ಲದಿದ್ದರೆ ಪಾತ್ರೆಯನ್ನು ತಿರುಗಿ ಒಲೆಯ ಮೇಲೇ ಇಡಬೇಕು, ಎಷ್ಟೇ ಹಸಿವಾಗಿದ್ದರೂ.

ಅವನು ನಿಮ್ಮ ಮನೆಗೆ ಬಂದದ್ದನ್ನು ನೀನೇ ನನಗೆ ಹೇಳಿದ್ದೆ, ಅಜ್ಜಿಯ ಮುಖ ನೋಡಲು ಬಂದ ಆ ದಿನವೇ. ಅಂಗಳದ ಆಚೆ ನಿಂತು ಟವಲಿನಲ್ಲಿ ಕಣ್ಣೊರಸಿಕೊಳ್ಳುತ್ತಿದ್ದ, ನೀರು ಹುಯ್ದರೆ ಬೊಗಸೆಯಲ್ಲಿ ಕುಡಿದ ಎಂದೆ. ಅವನು ಆಡಿದ ಮಾತನ್ನೂ ಹೇಳಿದ್ದೆ: "ಇವತ್ತು ಒಳೆನರಸೀಪುರದಲ್ಲಿ ನಂದು ವಾಯಿದೆ ಇತ್ತು ಕಣವ್ವಾ. ಅಜ್ಜಮ್ಮೋರು ಓಗ್ಬುಟ್ರಲ್ಲ, ಸುದ್ದಿ ಬುಟ್ಟು ಕೋರ್ಟಿಗೆ ಓಗಕ್ಕಾಯ್ತದಾ?" ಈಗ ನೆನಪಿಲ್ಲ ಎಂದು ನೀನು ಹೇಳಬಹುದು. ಆದರೆ ನನಗೆ ನೆನಪಿದೆ.

ಹೆದರಿಕೆ ಯಾವುದಕ್ಕೆ ಎಂದು ಕೇಳುತ್ತೀಯ. ಎಲ್ಲಕ್ಕೂ. ನಿಮ್ಮಪ್ಪ ಮೊದಲಿನ ಹಾಗೆ ರೇಗಿದ್ದರೆ ನನಗೆ ಇಷ್ಟು ಭಯವಿರುತ್ತಿರಲಿಲ್ಲ. ಈಗ ಮೆತ್ತಗೆ ಮಾತಾಡುತ್ತಾರೆ. ಸಂತೆಯಿಂದ ನನಗೆ ಹೂವು ತಂದರು, ಮದುವೆಯಾದ ಮೇಲೆ ಇದೇ ಮೊದಲು. ಹೂವು ಕೊಟ್ಟು, ಮಗಳಿಗೆ ಸರಿಯಾಗಿ ಬುದ್ಧಿ ಹೇಳು, ಅವಳು ತವರಿಗೆ ಬರುತ್ತಾ ಹೋಗುತ್ತಾ ಇರಬೇಕಲ್ಲ ಎಂದರು. ಆ ಹೂವನ್ನು ನಾನು ಮುಡಿಯಲಿಲ್ಲ, ದೇವರ ಮುಂದೆ ಇಟ್ಟೆ.

ಹೋದ ವಾರ ಲಕ್ಕಯ್ಯನ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ಯಾರು ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಅವತ್ತು ಊಟಕ್ಕೆ ಕೂತ ಕೆಂಪಣ್ಣ, ಮುದ್ದೆ ಮುರಿಯುತ್ತಾ, ನಗುತ್ತಾ ಅಂದ: "ಮೆದೆಗೆ ಬಿದ್ದ ಬೆಂಕಿ ಗುಡಿಸ್ಲಿಗೆ ಬೀಳಾಕೆ ಎಷ್ಟೊತ್ತು ಬೇಕು ಅತ್ತಿಗೆ?" ನಾನು ಇನ್ನೊಂದು ಮುದ್ದೆ ಬಡಿಸಿದೆ. ಬೇರೆ ಏನು ಮಾಡಲಿ ಹೇಳು. ಮುದ್ದಮ್ಮ ನಮ್ಮ ಹಿತ್ತಲಿಗೆ ಬರುವುದನ್ನು ನಿಲ್ಲಿಸಿದ್ದಾಳೆ. ಲಕ್ಕಯ್ಯ ಮಾತ್ರ ಈಗಲೂ ಊರ ಕೆಲಸಕ್ಕೆ ಬರುತ್ತಾನೆ, ಜಗಲಿಯ ಕೆಳಗೆ ನಿಂತು, ಚೆನ್ನಾಗಿದ್ದೀರಾ ಅವ್ವಾರೆ ಎಂದು ಕೇಳುತ್ತಾನೆ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ಕೇಳಿದರೆ ಮೊರ ಎತ್ತಿ ಮುಖ ಮರೆಮಾಡಿಕೊಳ್ಳುತ್ತೇನೆ.

ಇನ್ನೊಂದು ಹೆದರಿಕೆ ಇದೆ. ಅದನ್ನು ಹೇಳಿದರೆ ನೀನು ನಂಬುವುದಿಲ್ಲ. ಊರವರೆಲ್ಲ ನಿಮ್ಮಜ್ಜಿಯನ್ನು ಹೊಗಳುತ್ತಾರೆ, ಏಕಾದಶಿಯ ದಿನ ಪ್ರಾಣ ಬಿಟ್ಟ ಪುಣ್ಯವಂತೆ, ನೇರ ವೈಕುಂಠಕ್ಕೆ ಹೋದಳು ಎಂದು. ಹಾಗೆ ಅಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ. ಪಿತೃಪಕ್ಷದಲ್ಲಿ ಎಡೆಯಿಟ್ಟರೆ ಕಾಗೆ ಮುಟ್ಟುವುದಿಲ್ಲ, ನಿಮ್ಮಪ್ಪ ಕಲ್ಲು ಹೊಡೆದು ಕಾಗೆಗಳನ್ನು ನಮ್ಮ ಕಡೆಗೆ ಓಡಿಸಿಕೊಂಡು ಬರುತ್ತಾರೆ, ಆದರೂ ಬರುವುದಿಲ್ಲ. ಹೋದ ವರ್ಷ ಬಾಣಂತನಕ್ಕೆ ಬಂದಿದ್ದಾಗ ನೀನೊಂದು ಪ್ರಶ್ನೆ ಕೇಳಿದೆ. ಅಜ್ಜಿ ಮಲಗುತ್ತಿದ್ದ ಮೂಲೆಯಲ್ಲಿ ದಶಮಿಯ ದಿನವೇ ಯಾಕೆ ದೀಪ ಹಚ್ಚುತ್ತೀಯವ್ವ, ಅವರು ಹೋದದ್ದು ಏಕಾದಶಿ ತಾನೆ ಎಂದೆ. ಬಾಯಿ ಮುಚ್ಚಿಕೊಂಡು ಮಗುವಿಗೆ ಹಾಲು ಕುಡಿಸು ಎಂದು ಗದರಿದೆ. ನೀನು ಅಳುತ್ತಾ ಕೂತೆ. ಮೊನ್ನೆ ಶನಿವಾರವೂ ಹಚ್ಚಿದೆ. ನಿಮ್ಮಪ್ಪ ಬಂದು ನೋಡಿ, ಬೆರಳಿನಿಂದ ಬತ್ತಿ ನಂದಿಸಿ ಹೋದರು.

ಈಗ ನೀನು ಏನು ಹೇಳಬೇಕು ಎಂದು ನನ್ನನ್ನು ಕೇಳಬೇಡ ಮಗಳೇ. ಲಕ್ಕಯ್ಯ ಬಂದಿದ್ದ ಎಂದು ಹೇಳಿದರೆ ನಿನಗೆ ಗದ್ದೆ ಇಲ್ಲ, ಅಳಿಯಂದಿರ ಮುಖ ದಪ್ಪಗಾಗುತ್ತದೆ, ಈ ಮನೆಯ ಹೊಸ್ತಿಲು ದಾಟಲು ನಿಮ್ಮಪ್ಪ ಬಿಡುವುದಿಲ್ಲ. ಮೊಮ್ಮಗುವಿನ ಮುಖ ನಾನು ಮತ್ತೆ ಯಾವಾಗ ನೋಡುವುದೋ. ಬೋರಪ್ಪ ಬಂದಿದ್ದ ಎಂದು ಹೇಳಿದರೆ ಆ ಜಡ್ಜಿ ಅಲ್ಲೇ ತೀರ್ಮಾನ ಬರೆದು ಕೈತೊಳೆದುಕೊಳ್ಳುತ್ತಾರೆ, ಲಕ್ಕಯ್ಯ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಾಫಿ ತೋಟಕ್ಕೆ ಹೋಗಬೇಕು. ಎರಡೂ ನನಗೆ ಬೇಡ. ನೀನು ಕೋರ್ಟಿನಲ್ಲಿ ನಿಲ್ಲಬೇಕಾದ ಹತ್ತನೇ ತಾರೀಖು ಬರದೇ ಇದ್ದರೆ ಎಷ್ಟು ಚೆನ್ನಾಗಿತ್ತು ಎಂದು ದೇವರ ಮುಂದೆ ಕೂತು ಬೇಡಿಕೊಳ್ಳುತ್ತೇನೆ. ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು. ನನ್ನ ಹೆಸರು ಮಾತ್ರ ಎಲ್ಲೂ ತರಬೇಡ. ಮಗುವಿಗೆ ನೆಗಡಿಯಾದರೆ ತುಳಸಿ ರಸ ಕೊಡು. ಹೊತ್ತಿಗೆ ಸರಿಯಾಗಿ ಉಣ್ಣು, ಎದೆಹಾಲು ಬತ್ತಿಸಿಕೊಳ್ಳಬೇಡ.

ಹೆದರಿಕೆಯಲ್ಲೂ ನಿನ್ನನ್ನೇ ನೆನೆಯುವ,
ನಿಮ್ಮವ್ವ
ನಂಜಮ್ಮ

ಮತ್ತೊಂದು ಮಾತು: ಸಹಿ ಹಾಕಿ ಮಡಿಸಿದ್ದೆ. ಗುಂಡಯ್ಯ ಜಗಲಿಯಲ್ಲಿ ಇನ್ನೂ ಬಳೆ ಮಲಾರ ಕಟ್ಟುತ್ತಿದ್ದಾನೆ, ಅದಕ್ಕೇ ತಿರುಗಿ ಬಿಚ್ಚಿದೆ. ನಿಮ್ಮಜ್ಜಿ ಹೋದದ್ದು ಏಕಾದಶಿಯ ಬೆಳಿಗ್ಗೆ ಅಲ್ಲ. ಹಿಂದಿನ ದಿನ, ದಶಮಿ, ಸಂಜೆ ಹಸು ಕರೆಯುವ ಹೊತ್ತು. ನಾನು ಗಂಜಿ ಕುಡಿಸುತ್ತಿದ್ದೆ. ಕೂಗಲು ಬಾಯಿ ತೆರೆಯುವಷ್ಟರಲ್ಲಿ ನಿಮ್ಮಪ್ಪ ಬಂದು, "ಈಗ ಅಳಬ್ಯಾಡ ಕಣೆ. ನಾಳೀಕೆ ಏಕಾದಶಿ. ನಾಳೆ ಓದ್ಲು ಅಂತ ಆಗ್ಲಿ, ಅವ್ವನಿಗೆ ಪುಣ್ಯ" ಎಂದರು. ನಂಬಿದೆ. ಬಾಯಿಗೆ ಸೆರಗು ತುರುಕಿಕೊಂಡು ಕೂತೆ. ಬೆಳಕು ಹರಿಯುವಾಗ, ಲಕ್ಕಯ್ಯ ಕೆರೆ ಏರಿಯ ಮೇಲೆ ಬಸ್ಸಿಗೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿ, ಈಗ ಅಳು ಎಂದರು. ಅತ್ತುಬಿಟ್ಟೆ. ನನ್ನ ಅಳು ಕೇಳಿಯೇ ಅವನು ತಿರುಗಿ ಬಂದದ್ದು. ಆಮೇಲೆ ಹೆಣಕ್ಕೆ ಬೇಕಾದ ಸಾಮಾನು ತರುತ್ತೇನೆಂದು ಕೆಂಪಣ್ಣ ಹೊಳೇನರಸೀಪುರಕ್ಕೆ ಹೋದವನು, ಲಕ್ಕಯ್ಯ ಇವತ್ತು ಬರುವುದಿಲ್ಲವೆಂದು ಹೇಳಲು ಮೊದಲು ವಕೀಲರ ಹತ್ತಿರ ಹೋಗಿದ್ದ ಎಂದು ತಿಳಿದಾಗ ನನಗೆ ಎಲ್ಲಾ ಅರ್ಥವಾಯಿತು.

ಇದನ್ನು ನೀನು ಹೇಳಲು ಬರುವುದಿಲ್ಲ, ನೀನು ಕಂಡಿಲ್ಲ. ಕಂಡವಳು ನಾನು. ನಾನಾಗಿ ಹಾಸನದ ಬಸ್ಸು ಹತ್ತುವಷ್ಟು ಧೈರ್ಯ ನನಗಿಲ್ಲ. ನನ್ನ ಹೆಸರು ತರಬೇಡ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಬಿಡು. ಇನ್ನೇನಾದರೂ ಹೇಳುವುದಿದೆಯಾ ಎಂದು ಜಡ್ಜಿಯವರು ಕೇಳಿದರೆ, ನಮ್ಮವ್ವನನ್ನು ಕರೆಸಿ ಎಂದು ಹೇಳು. ಕೋರ್ಟಿನವರು ಬಾಗಿಲಿಗೆ ಬಂದು ಕರೆದರೆ ನಿಮ್ಮಪ್ಪ ತಡೆಯಲಾರರು.

ಕಾಗದವನ್ನು ಒಲೆಗೆ ಹಾಕಬೇಡ. ಅಲ್ಲಿ ನಿಂತಾಗ ನಾನು ಹೆದರಿಕೊಂಡು ಇಲ್ಲ ಎಂದುಬಿಟ್ಟರೆ, ಇದನ್ನು ತೋರಿಸು.