ಹೊರಗೆ ಕೂತ ಚಿಲಕ

ಪೂಜ್ಯ ಸೋದರಮಾವನವರಿಗೆ (ಕೆಲಸದ ವೇಳೆಯಲ್ಲಿ, ಮಾನ್ಯ ಮಾಲೀಕರಿಗೆ),

ಲೋಕವೆಲ್ಲ ಕಿವಿಗೊಟ್ಟು ಕೇಳಲಿ! ನಿಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಸ್ತ್ರೀ ವಿಮೋಚನೆಯಾಗಿದೆ. ಅಂದರೆ, ಹೆಂಗಸರ ಪಾಯಿಖಾನೆಯ ಬಾಗಿಲಿಗೆ ಚಿಲಕ ಬಂದಿದೆ.

ಚಿಲಕ ಹಾಕಿಸದಿದ್ದರೆ ಮುಷ್ಕರ ಎಂದು ಮೊದಲು ಹೇಳಿದಾಗ ನೀವು, "ಒಬ್ಬಳು ಒಳಗೆ ಹೋದ್ರೆ ಇನ್ನೊಬ್ಬಳು ಬಾಗಿಲು ಹಿಡ್ಕೊಳ್ಳಿ. ಎತ್ತಿ ಆಡಿಸಿದ ಮಾವನ ಮೇಲೇ ಮುಷ್ಕರಾನೇನೇ?" ಎಂದಿರಿ. ಯಂತ್ರಗಳು ನಿಂತ ಮೇಲೆ ನಿಮ್ಮ ಮನಸ್ಸು ಕರಗಿತು. ಇಂದು ಮೇಲ್ವಿಚಾರಕರೇ ಖುದ್ದಾಗಿ ಚಿಲಕ ಕೂರಿಸಿದರು, ಬಾಗಿಲ ಹೊರಗಡೆ.

"ಒಳಗಿರಬೇಕಲ್ವಾ ಸಾರ್?" ಎಂದೆ.

"ಚಿಲಕ ಅಂದ್ರೆ ಚಿಲಕ. ಎಲ್ಲಿದ್ರೇನಮ್ಮ?" ಎಂದವರೇ, ಗಟ್ಟಿಯಿದೆಯೇ ಎಂದು ನೋಡಲು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಗುಂಡಿ ಹೊಲಿಯುವ ಅಜ್ಜಿ ಹೊರಗಿನಿಂದ ಚಿಲಕ ಹಾಕಿ ಸಹಕರಿಸಿದರು. ಬಹಳ ಗಟ್ಟಿಯಿದೆ.

"ಒಳಗೇ ಇರ್ಬೇಕಿತ್ತು ಕಣ್ರಮ್ಮಾ!" ಎಂದು ಅವರೀಗ ನಮ್ಮ ಬೇಡಿಕೆಯನ್ನೇ ಕೂಗುತ್ತಿದ್ದಾರೆ. ತೆಗೆಯಬಹುದಿತ್ತು. ಆದರೆ ಮುಷ್ಕರದಲ್ಲಿದ್ದೇವೆ, ಚಿಲಕ ತೆಗೆಯುವುದೂ ಕೆಲಸವೇ. ನೀವು ಅಪ್ಪಣೆ ಕೊಡಿಸಿದಂತೆ ಸರದಿಯ ಮೇಲೆ ಬಾಗಿಲು ಮಾತ್ರ ಹಿಡಿದುಕೊಂಡಿದ್ದೇವೆ.

ಚಿಲಕ ಒಳಗೆ ಹೋದರೆ ಅವರು ಹೊರಗೆ ಬರುತ್ತಾರೆ. ಇದ್ದ ಒಂದೇ ಸ್ಕ್ರೂಡ್ರೈವರ್ ಅವರ ಜೇಬಿನಲ್ಲಿದೆ. ದಯವಿಟ್ಟು ಬರುವಾಗ ಇನ್ನೊಂದು ತನ್ನಿ.

ಇಂತಿ,
ನೀವು ಎತ್ತಿ ಆಡಿಸಿದ ಸೊಸೆ
(ಕಾರ್ಮಿಕ ಸಂಘದ ಅಧ್ಯಕ್ಷೆ)